ಚೋರಡಿ ಬಿಟ್ಟುಹೋದ ದಿನ

ಆಯನೂರು, ಕುಂಸಿ, ಚೋರಡಿ, ಆನಂದಪುರ:
ಹತ್ತೊಂಬತ್ತು ವರ್ಷ ಸಾಗರದ ಬಸ್ಸಿನ ಬಾಗಿಲಿಗೆ ಜೋತು ಕೂಗಿದವರು
ಒಂದು ಸೋಮವಾರ ಕುಂಸಿಯಿಂದ ನೇರ ಆನಂದಪುರಕ್ಕೆ ಹಾರಿದರು.
ಚೋರಡಿಯಲ್ಲಿ ಇಳಿಯಬೇಕಾದ ಹೆಂಗಸು ಬೈದಳು.
ಹುಚ್ಚರಾಯಪ್ಪ ನಕ್ಕರು.
ಊರು ಕಾಣುತ್ತಿತ್ತು, ಹೆಸರು ಇರಲಿಲ್ಲ.

ನನ್ನ ಬಳಿ ಬಂದಾಗ ಅವರು
ಮೇಣದಲ್ಲಿ ಹೂತ ಕಡಲೆಬೀಜದಷ್ಟು ಚೂರು.
ಡಬ್ಬಿಯ ಮೇಲೆ ಬರೀ ನಲವತ್ತೊಂದು.
ಹೆಸರು ಬರೆಯಬಾರದು, ನಿಯಮ.
ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡವಳು ನಾನೇ:
ಓಡುವ ಬಸ್ಸಿನಲ್ಲಿ ನಿಂತು ಗೀಚಿದ ಹಾಗಿತ್ತು.

ದುರ್ಗಿಗುಡಿ, ಮೂರನೇ ಮಹಡಿ, ಕೆಳಗೆ ಬೇಕರಿ.
ಬನ್ನಿನ ವಾಸನೆಯ ಜೊತೆ ಪರದೆಯ ಮೇಲೆ ಇಳಿಯುತ್ತವೆ
ಎ, ಸಿ, ಜಿ, ಟಿ,
ನಾಲ್ಕೇ ಅಕ್ಷರ, ಉಸಿರಿಗೆ ಜಾಗವಿಲ್ಲ.
ಹತ್ತನೇ ವರ್ಣತಂತು. ಬ್ರೇಕು ತಯಾರಿಸುವ ವಂಶವಾಹಿ.
ಸಿ ಇರಬೇಕಾದಲ್ಲಿ ಟಿ.
ಅಷ್ಟೇ. ಆ ಮೂರಕ್ಷರವನ್ನು ಜೀವಕೋಶ ಈಗ ಓದುವುದು:
ಇಲ್ಲೇ ನಿಲ್ಲಿಸು.
ಅರ್ಧ ದಾರಿಗೇ ಸೀಟಿ. ಬ್ರೇಕು ಪೂರ್ತಿಯಾಗಲಿಲ್ಲ.
ನಿಲ್ಲಬಾರದ ಕಡೆ ಒಂದು ನಿಂತದ್ದಕ್ಕೆ
ಆಮೇಲೆ ಯಾವುದೂ ನಿಲ್ಲಲಿಲ್ಲ.

ಇದು ಕಾರಣವೋ, ಕಾರಣದ ಬಾಲವೋ?
ನಲವತ್ತೊಂದು ಗಡ್ಡೆಗಳಲ್ಲಿ ಹನ್ನೆರಡಕ್ಕೆ ಈ ಬ್ರೇಕು ಕೆಟ್ಟಿದೆ.
ಉಳಿದವು ಬೇರೆ ದಾರಿ ಹಿಡಿದು
ಅದೇ ಊರು ತಲುಪಿವೆ.

ಹಾಲಮ್ಮ ಮೂರು ಸಲ ಬಂದರು.
ಮೊದಲು: 'ಮಗಳಿಗೂ ಬರುತ್ತಾ?'
ಹುಟ್ಟುವಾಗ ಇದ್ದದ್ದಲ್ಲ, ಆಮೇಲೆ ಆದದ್ದು ಅಂದೆ.
ಅವರ ರಕ್ತದಲ್ಲೂ ಹುಡುಕಿದ್ದೆ. ಅಲ್ಲಿ ಸಿ, ಸಿಯೇ.
ಇನ್ನೊಮ್ಮೆ: 'ಹಣೆ ಹಿಂದೇನೇ ಇತ್ತಂತಲ್ಲ.
ಬರೆಯೋನ ಕೈ ಜಾರಿತಾ ಹಂಗಾರೆ?'
ನಕಲು ಮಾಡುವಾಗ ತಪ್ಪಾಗುತ್ತದಮ್ಮ, ಅಂದೆ.
ಯಾರ ನಕಲು, ಎಂದು ಕೇಳಲಿಲ್ಲ, ಪುಣ್ಯ.

ಕೊನೆಗೆ, ಕೂಡ್ಲಿಯಲ್ಲಿ ಬೂದಿ ಬಿಟ್ಟು ಬಂದ ಮೇಲೆ,
ಚಪ್ಪಲಿ ಬಾಗಿಲ ಹೊರಗೇ ಬಿಟ್ಟು ನಿಂತು:
'ನಿಮ್ಮತ್ರ ಇರೋದು ನೀರಿಗೆ ಬೀಳಲೇ ಇಲ್ಲ.
ಲೆಕ್ಕ ಚುಕ್ತಾ ಆಗುತ್ತಾ?'

ಮೇಣದ ಚೂರು ತೋರಿಸಿದೆ.
ಮುಟ್ಟಲಿಲ್ಲ ಅವರು. ಬಗ್ಗಿ ನೋಡಿದರು,
ಚಿಲ್ಲರೆ ಎಣಿಸುವವರ ಹಾಗೆ.

ಸೀಸೆಯ ವಿಷಯ ಹೇಳಲಿಲ್ಲ.
ಒಪ್ಪಿಗೆ ಪತ್ರದಲ್ಲಿದೆ, ಎರಡನೇ ಪುಟ, ಅವರೇ ಓದಿದ್ದು.
ಆದರೂ ಹೇಳಲಿಲ್ಲ:
ಇನ್ನೂ ಬೆಳೆಯುತ್ತಿದೆ ಅದು.
ಮಂಗಳವಾರ, ಶುಕ್ರವಾರ ನಸುಗೆಂಪು ದ್ರವ ಬದಲಿಸುತ್ತೇನೆ.
ಅವರನ್ನು ಕೊಂದದ್ದು. ಅವರದೆಂದು
ಉಸಿರಾಡುತ್ತಿರುವುದೂ ಅದೊಂದೇ.

ಕರೆಂಟು ಹೋದರೆ ಮೊದಲು ಅದರ ಬಳಿಗೇ ಓಡುತ್ತೇನೆ,
ಕತ್ತಲಲ್ಲಿ ಗಾಜಿಗೆ ಅಂಗೈ ಒತ್ತಿ ನಿಲ್ಲುತ್ತೇನೆ,
ಕೆಳಗೆ ಬೇಕರಿಯವನು ಜನರೇಟರಿನ ಹಗ್ಗ
ಎಳೆಯುವ ತನಕ.