ಮೋರಿ

ಬಣ್ಣದ ಡಬ್ಬಿ ತರಾಕ ಬೆಳಗಾವಿಗೆ ಹೋದಾವ
ಕ್ಯಾಂಪಿನ ಮೀನ ಮಾರ್ಕೆಟ್ಟಿನಾಗ ನಿಂತೆ.
"ಇದು ಮೋರಿ," ಅಂದಳು ಜುಲ್ಯಾನಬಾಯಿ.
ನನಗ ಮೋರಿ ಅಂದ್ರ ಒಂದ ಗೊತ್ತು:
ರಬಕವಿಯಾಗ ನಮ್ಮ ಬಣ್ಣದ ಮನಿ ಹಿಂದ
ಸೋಮವಾರ ಕೆಂಪ, ಮಂಗಳವಾರ ಗಿಣಿಹಸರ
ಹರಿಯೂ ನೀರು.

"ಅದಲ್ಲೋ. ಕೊಂಕಣಿ ಮೋರಿ. ಶಾರ್ಕು."

ನನ್ನ ತೋಳಿನಷ್ಟ ಉದ್ದ.
ರಾತ್ರಿ ಬರ್ಫದ ಲಾರಿಯಾಗ ಘಟ್ಟಾ ಹತ್ತಿ ಬಂದದ್ದು.
ಇದಕ್ಕ ಜಗತ್ತೆಲ್ಲಾ ಅಂಜತೈತಿ ಅಂದ್ರ ನಂಬಲಿಲ್ಲ.
ಮುಟ್ಟಿದೆ.
ತಲಿಯಿಂದ ಬಾಲಕ್ಕ ಸವರಿದ್ರ ರೇಶ್ಮಿ,
ಬಾಲದಿಂದ ತಲಿಗೆ ಸವರಿದ್ರ ಉಸುಕಿನ ಹಾಳಿ.
ನೂಲ ಹಿಡಿಯೂ ಬೆರಳಿಗೆ ಇಷ್ಟ ತಿಳೀತೈತಿ.

ಆಮ್ಯಾಲೆ ಕಿವಿರಿನ ಹತ್ರ ಬೆರಳ ತೊಡಕಿತು.
ಹಳದಿ ಪಟ್ಟಿ.
ನೂಲಿನ ಗಂಟಿಗೆ ಬಿಗಿಯೂ ಅಂಥಾದ್ದ,
ದಿನಾ ನಾ ಜಾರಿಸಿ ಹಿತ್ತಲಕ್ಕ ಒಗಿಯೂ ಅಂಥಾದ್ದ,
ಬೆಸಿಗಿ ಬಿಚ್ಚಿರದ ಗುಂಡನ ಸುತ್ತ.
ಮರಿ ಇದ್ದಾಗ ತಲಿ ತೂರಿಸಿರಬೇಕು.
ಹಿಂದಕ್ಕ ಈಜಾಕ ಅದಕ್ಕ ಬರೂದಿಲ್ಲಂತ.
ಮೀನ ಬೆಳೀತು. ಪಟ್ಟಿ ಬೆಳೀಲಿಲ್ಲ.
ದಿನಕ್ಕೊಂದ ಎಳಿಯಷ್ಟ
ಮಾಂಸದಾಗ ಇಳಕೋತ ಹೋಗೈತಿ.

"ಇಂಥಾವ ಭಾಳ ಬರ್ತಾವ ಈಗ," ಅಂದಳು,
ಕತ್ತಿ ಮೊನಿಯಿಂದ ಪಟ್ಟಿ ಎಬ್ಬಿಸಿ ಬುಟ್ಟಿಗೆ ಒಗದು.
"ನಮ್ಮ ಅಣ್ಣನ ಬಲಿಗೆ ಆಮಿ ಸಿಕ್ಕಿತ್ತು, ಸತ್ತದ್ದು.
ಹೊಟ್ಟಿ ತುಂಬ ಕ್ಯಾರಿಬ್ಯಾಗ. ಲೋಳಿಮೀನ ಅಂತ ತಿಂದೈತಿ.
ಊಟಾ ಮಾಡ್ಕೋತ ಉಪವಾಸ ಸತ್ತೈತಿ ನೋಡು."

ಯಾರೂ ಕೇಳಿರಲಿಲ್ಲ, ನಾನ ಅಂದೆ:
"ನಮ್ಮ ಕೃಷ್ಣಾ ಆ ಕಡೆ ಹರೀತಾಳ್ರೀ, ಮೂಡಲ ಸಮುದ್ರಕ್ಕ.
ಇದು ಪಡುವಲ ಮೀನ."
ಆಕಿ ನನ್ನ ಮಾರಿ ನೋಡಿದಳು.
"ಆ ದಂಡಿ ಮ್ಯಾಲೂ ನನ್ನಂಥಾಕಿ ಒಬ್ಬಾಕಿ ಮೀನ ಕೊಯ್ತಿರ್ತಾಳ.
ತಲಿ ಬೇಕೋ, ಬ್ಯಾಡೋ?"

ಮೀನ ತರಲಿಲ್ಲ. ಡಬ್ಬಿ ಅಷ್ಟ ತಂದೆ.
ಗೋಕಾಕ ದಾಟೂತನಾ ಬೆರಳ ವಾಸನಿ ನೋಡ್ಕೋತ ಕುಂತಿದ್ದೆ.

ಈಗ ಗಂಟ ಬಿಚ್ಚೂ ಮುಂದ
ಪಟ್ಟಿ ಕತ್ತರಸತೀನಿ, ಸುತ್ತ ಉಳೀದಂಗ.
ಮಾಲಕ ನಗತಾನ: "ಏನೋ ಮಾನಿಂಗ,
ಅದರಾಗ ಯಾರ ಕೊಳ್ಳ ಐತಿ?"
ನಾ ಹೇಳೂದಿಲ್ಲ.

ತುಂಡಾದ್ರೂ ಗಾಳಿಗೆ ಹಾರಿ ಅಲ್ಲೇ ಬೀಳತಾವ, ಗೊತ್ತೈತಿ.
ಬಣ್ಣದ ನೀರ ಬಿಡೂದು ಹೆಂಗೂ ನಾನ.
ಇವತ್ತ ಗುರುವಾರ. ಹಳದಿ.
ಹಿತ್ತಲ ಬಾಗಿಲಾ ತಗದ ನೋಡಿದೆ:
ಮೋರಿ ಸುಮ್ಮನ ಹೊಂಟೈತಿ.
ಹಿಂದಕ್ಕ ಈಜಾಕ
ಅದಕ್ಕೂ ಬರೂದಿಲ್ಲ.