ಹೆಸರು ಕರೆಯುವ ಕುದ್ರು

ಶಿರಿಯ ಹೊಳೆ ಕಡಲಿಗೆ ಬಾಯಿ ಬಿಡುವಲ್ಲಿ
ಒಂದು ಕುದ್ರು: ಮೂರು ತೆಂಗು, ಕುಸಿದ ಬಾವಿ.
ಕಾಗೆಯೂ ಕೂರದು.

ಮುಚ್ಚಂಜೆಗೆ ಅದು ಹೆಸರು ಹಿಡಿದು ಕರೆಯುತ್ತದಂತೆ.
ದೂಮಣ್ಣನಿಗೆ ತುಳುವಿನಲ್ಲಿ, ತೀರಿಹೋದ ಅಕ್ಕನ ದನಿ;
ಬೀಫಾತುಮ್ಮನಿಗೆ ಬ್ಯಾರಿಯಲ್ಲಿ, ಬರಬೇಕಾದ ಬಾಕಿಯ ನೆಪ.

“ಮೂರನೇ ಸಲಕ್ಕೆ ಮಾತ್ರ ಓಗೊಡಿ” ಅಂದ ದೋಣಿಯ ಅಂಬಾಡಿ,
“ಅದಕ್ಕೆ ಎರಡರಾಚೆ ಎಣಿಕೆ ಬಾರದು.”

ನಕ್ಕೆ. ಹುಟ್ಟು ನಿಂತಿತು.
ನೀರಿನ ಮೇಲಿಂದ ಕನ್ನಡ ಬಂತು,
ಸೀಮೆಸುಣ್ಣ ಮೆತ್ತಿದ ಕನ್ನಡ:
ಮುಚ್ಚಿದ ನಮ್ಮ ಶಾಲೆಯ ಹಾಜರಿ, ಒಂದನೇ ನಂಬರಿನಿಂದ.
ಅಚ್ಯುತ. ಐಸಮ್ಮ. ಕೊಗ್ಗು.
ಪ್ರತಿ ಹೆಸರಾದ ಮೇಲೆ ಪೆನ್ನು ಕಾಯುವಷ್ಟು ಮೌನ.

ನನ್ನದು ಹದಿನೇಳು.
ಹಾಜರಿ ಕರೆಯುವುದು ಒಂದೇ ಸಲ.

ಅಂಬಾಡಿ ನನ್ನ ಬಾಯಿಗೆ ಅಂಗೈ ಒತ್ತಿದ,
ಬಂಗುಡೆ ನಾರುವ ಅಂಗೈ.
ಅದರೊಳಗೇ ಅಂದುಬಿಟ್ಟೆ:
ಹಾಜರ್, ಸರ್.