ಎಡದ ಅಂಚು

ಮಾಲಾದೇವಿ ಮೈದಾನಕ್ಕೆ ಸುಣ್ಣ ಎಳೆಯುವವ ನಾನು.
ಮೊದಲೆಲ್ಲ ಕಾಳಿಹೊಳೆಯ ಚಿಪ್ಪು ಸುಟ್ಟ ಸುಣ್ಣ,
ಈಗ ಚೀಲದ ಪುಡಿ, ಬೆರಳು ಅಷ್ಟು ಸುಡುವುದಿಲ್ಲ.
ಎಡಬದಿಯ ಗೆರೆಗೆ ಬಂದಾಗೆಲ್ಲ
ರೋಹಿದಾಸ ತಾಂಡೇಲನ ನೆನಪಾಗಿ
ಕೈ ಹೊರಕ್ಕೆ ಜಾರುತ್ತದೆ, ಬೇಕೆಂದೇ.
ಒಂದು ಗೇಣು ಜಾಸ್ತಿ ಇರಲಿ ಅವನಿಗೆ.

ನಾವು ಆಡಿ ಬೆಳೆದದ್ದು ಕೋಡಿಬಾಗದ ಮರಳಲ್ಲಿ.
ಬಲಕ್ಕೆ ಗಾಳಿಮರಗಳ ಸಾಲು, ಅದೊಂದು ಗೆರೆ.
ಎಡಕ್ಕೆ ಸಮುದ್ರ. ಅಲ್ಲಿ
ಅಲೆ ಎಲ್ಲಿಗೆ ಬಂತೋ ಅಲ್ಲಿಗೆ ಔಟು,
ಹಿಂದೆ ಸರಿಯಿತೋ, ಆಟ ಮತ್ತೆ ಚಾಲೂ.
ಭರತಕ್ಕೆ ಮೈದಾನ ಓಣಿಯಷ್ಟು,
ಇಳಿತಕ್ಕೆ ಊರಷ್ಟು.
ಹಾಫ್‌ಟೈಮ್ ಇಲ್ಲ, ದಿಕ್ಕು ಬದಲಿಸುವುದಿಲ್ಲ,
ಅವನು ಯಾವಾಗಲೂ ಓಡಿದ್ದು ಸದಾಶಿವಗಡದ ಕಡೆಗೇ.
ಇಳಿಜಾರಿನ ಮರಳಲ್ಲಿ ಓಡಿ ಓಡಿ
ಅವನ ಎಡಗಾಲು ಉದ್ದವಾಗಿದೆ ಅಂತ ನಮ್ಮ ನಂಬಿಕೆ.
ಬಲೆಯ ಹಗ್ಗ ಹಿಡಿದು ಅಳೆದೂ ನೋಡಿದೆವು.
ಸುಳ್ಳು. ಎರಡೂ ಒಂದೇ.

ನಾನು ಅವನ ಹಿಂದಿನ ಬ್ಯಾಕು.
ಎಂಟು ವರ್ಷ ನಾನು ಕಂಡದ್ದು ಅವನ ಹಿಮ್ಮಡಿ,
ಒಡೆದದ್ದು, ಉಪ್ಪು ಕಟ್ಟಿದ್ದು.
ಮುಖ ಕಾಣುತ್ತಿದ್ದುದು ಗೋಲಾದ ಮೇಲೆ,
ಅದೂ ಎಲ್ಲರೂ ಅಪ್ಪಿಕೊಂಡು ಬಿಟ್ಟಾದ ನಂತರ.

ನಮಗೆ ಪರದೇಶ ಶುರುವಾಗುವುದು ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ.
ಹತ್ತೊಂಬತ್ತಕ್ಕೆ ಮಡಗಾಂವ ಬಸ್ಸು ಹತ್ತಿದ,
ಒಂದು ಚೀಲದಲ್ಲಿ ಬೂಟು, ಇನ್ನೊಂದರಲ್ಲಿ ಒಣ ಬಂಗಡೆ.
ಗೋವಾದವರು ಅಂದರು, ಇವ ಕರ್ನಾಟಕದ ಹುಡುಗ.
ಬೆಂಗಳೂರಲ್ಲಿ ಆಯ್ಕೆಗೆ ನಿಂತರೆ, ನೀನು ಗೋವಾದವನಲ್ಲವಾ?
ಕೋಲ್ಕತ್ತದ ಪೇಪರಿನವರು ಬಾಂಬೆಯವನೆಂದು ಬರೆದರು.
ಮಾಲ್ದೀವ್ಸಿನಲ್ಲಿ ಬರೀ ಇಂಡಿಯಾ. ಏ ಇಂಡಿಯಾ, ಓಡು!
ಮಸ್ಕತ್ತಿನಲ್ಲಿ ಅಂಗಿಯ ನಂಬರು.
ಕಾರವಾರದ ಪೇಟೆಯಲ್ಲಿ ಕೇಳಿ ನೋಡಿ:
ಅವನಾ? ಅವ ಕಾರವಾರದವನಲ್ಲ ಮಾರಾಯ, ಕೋಡಿಬಾಗದವ.

ಅವನ ಅಪ್ಪ ಫೋನಿನಲ್ಲಿ ಗೆದ್ದೆಯಾ ಎಂದು ಕೇಳುತ್ತಿರಲಿಲ್ಲ.
ಗಾಳಿ ಯಾವ ಕಡೆಯದು?
ಇಲ್ಲಿ ಗಾಳಿಯೇ ಇಲ್ಲ ಬಾಬಾ, ಸುತ್ತ ಗೋಡೆ.
ಗಾಳಿಯಿಲ್ಲದೆ ಎಂಥ ಆಟವೋ, ಅಂದು
ಮುದುಕ ಫೋನು ನನ್ನ ಕೈಗೆ ಕೊಟ್ಟು
ಬಲೆ ಹೊಲಿಯಲು ಕೂತ.

ಒಂದು ರಾತ್ರಿ ಬೈತಖೋಲದ ಐಸ್ ಫ್ಯಾಕ್ಟರಿಯ ಟೀವಿಯಲ್ಲಿ
ಮಾಲ್ದೀವ್ಸಿನ ಆಟ. ಎಂಬತ್ತನೇ ನಿಮಿಷ.
ಚೆಂಡು ಗೆರೆ ದಾಟಿತು, ಬಾವುಟ ಎದ್ದಿತು,
ಇವನು ಚೆಂಡಿನ ಪಕ್ಕ ನಿಂತೇ ಇದ್ದ,
ತಲೆ ಬಗ್ಗಿಸಿ, ಕಾಯುತ್ತ.
ವಾದಿಸುತ್ತಿದ್ದಾನೆಂದು ರೆಫರಿ ಹಳದಿ ಕಾರ್ಡು ತೋರಿಸಿದ.
ಐಸ್ ಒಡೆಯುವ ನಾಲ್ಕು ಜನಕ್ಕೆ ಮಾತ್ರ ಗೊತ್ತಾಯಿತು,
ಗೆರೆ ಹಿಂದೆ ಸರಿಯಲೆಂದು ಕಾಯುತ್ತಿದ್ದಾನೆ ಇವ.

ಆಮೇಲಿನದು ಎಲ್ಲರದ್ದೂ ಇರುವಂಥದೇ.
ಮಂಡಿ. ನಾಲ್ಕು ತಿಂಗಳ ಸಂಬಳ ಬಾಕಿ.
ಮ್ಯಾನೇಜರನ ಡ್ರಾಯರಿನಲ್ಲಿ ಪಾಸ್‌ಪೋರ್ಟು.
ಕೊನೆಯ ಸೀಸನ್ನಿಗೆ ಬಲಬದಿಗೆ ಹಾಕಿದರಂತೆ,
ಮೋರೆ ತಿರುಗಿಸಿ ಮಲಗಿಸಿದ ಹಾಗಾಯ್ತು, ಅಂದ.
ಅಷ್ಟೇ ಅಂದ.

ಮೊನ್ನೆ ಭಾನುವಾರ ಬೆಳಗ್ಗೆ ಸುಣ್ಣ ಎಳೆಯುತ್ತಿದ್ದೆ,
ಹಿಂದೆ ಚಪ್ಪಲಿಯ ಸದ್ದು, ಒಂದು ಜೋರು, ಒಂದು ಮೆಲ್ಲ.
ತಿರುಗಿ ನೋಡಲಿಲ್ಲ. ಎಂದೂ ನನ್ನ ಹಿಂದೆ ಬಂದವನಲ್ಲ ಅವ,
ಹೇಗೆ ನೋಡಬೇಕೆಂದೇ ತಿಳಿಯಲಿಲ್ಲ.
ಸೊಟ್ಟ, ಅಂದ.
ಗೊತ್ತು, ಅಂದೆ.
ಯಾರಿಗೆ ಇದು?
ನಾನು ಡಬ್ಬಿ ಕುಲುಕಿದೆ.

ಅವನು ಎಡಗಾಲ ಚಪ್ಪಲಿ ಬಿಟ್ಟು
ಮೂಲೆಯ ಕಂಬದಿಂದ ನಡುಗೆರೆಯವರೆಗೆ
ನಾನು ಹದಿನಾರು ವರ್ಷ ಕೊಟ್ಟ ಆ ಗೇಣನ್ನು
ಹೆಬ್ಬೆರಳಲ್ಲಿ ಉಜ್ಜಿ ಅಳಿಸಿದ.
ಹುಡುಗರ ಅಭ್ಯಾಸ ಕೆಡುತ್ತದೆ, ಕೊಡು ಇಲ್ಲಿ.
ಡಬ್ಬಿ ಕಸಿದು, ಎಳೆಯುವ ಮೊದಲು
ಒಂದು ಚಿಟಿಕೆ ಸುಣ್ಣ ಮೇಲಕ್ಕೆ ತೂರಿ ನೋಡಿದ.

ಪಡುಗಾಳಿ.
ಎಲ್ಲ ನನ್ನ ಕಣ್ಣಿಗೇ ಬಂತು.